ಹೊತ್ತು ಮುಳುಗುವುದರೊಳಗೆ ಕೊಡಬೇಕಾದ ಕಂಬಳಿ

ರಾಜಧಾನಿಯ ಪತ್ರಿಕೆಯಲ್ಲಿ ನನ್ನ ಬಗ್ಗೆ ಬರೆದಿದ್ದಾರೆ. ಎರಡು ಸಾವಿರದ ಆರುನೂರು ವರ್ಷ ಉಳಿದುಬಂದ ಬರಹವನ್ನು ಒಂದೇ ಸಂಜೆಯಲ್ಲಿ ಹಾಳುಮಾಡಿದ ಹೆಂಗಸು ನಾನಂತೆ. ಫೋಟೋ ಬೇರೆ ಹಾಕಿದ್ದಾರೆ, ಬಾಯಿ ಅಗಲ ಮಾಡಿ ಕೂಗುತ್ತಿರುವ ಫೋಟೋ. ಕೂಗಿದ್ದು ನಿಜ, ಇಲ್ಲ ಅನ್ನುವುದಿಲ್ಲ. ಯಾಕೆ ಕೂಗಿದೆ ಎಂದು ಬರೆಯುವ ವ್ಯವಧಾನ ಮಾತ್ರ ಆ ಮಹಾನುಭಾವರಿಗೆ ಇರಲಿಲ್ಲ. ಇರಲಿ, ಅದನ್ನು ನಾನೇ ಹೇಳುತ್ತೇನೆ.

ನನ್ನ ಹೆಸರು ತಬಿತಮ್ಮ. ಈ ಊರಿನ ಓದುಗಿತ್ತಿ. ನಮ್ಮ ಊರು ಒಂದು ಹಳೆಯ ಊರಿನ ಮೇಲೆ ಕೂತಿದೆ, ಆ ಹಳೆಯ ಊರು ಅದಕ್ಕಿಂತ ಹಳೆಯದೊಂದರ ಮೇಲೆ. ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಬರುವ ಅರಸರ ಕಾಲದ ಗೋಡೆಗಳು ನಮ್ಮ ಅಡುಗೆಮನೆಗಳ ಕೆಳಗಿವೆ. ಎಲ್ಲಿ ಗುದ್ದಲಿ ಹಾಕಿದರೂ ಮಡಕೆಯ ಒಡಕು ಚೂರು ಸಿಗುತ್ತದೆ. ನಾವು ಬೋಕಿ ಅನ್ನುತ್ತೇವೆ. ಬರೀ ಬೋಕಿಯಾದರೆ ಮಕ್ಕಳು ಆಟಕ್ಕೆ ಒಯ್ಯುತ್ತಾರೆ. ಮೇಲೆ ಬರಹವಿದ್ದರೆ ಅದು ಕಾಗದ. ಆ ಕಾಲದ ಬಡವರಿಗೆ ಬರೆಯಲು ಬೇರೆ ಏನಿತ್ತು? ಒಡೆದ ಮಡಕೆಯ ಮೇಲೆ ಮಸಿಯಲ್ಲಿ ಗೀಚಿ ಕಳಿಸುತ್ತಿದ್ದರು. ಕಾಗದ ಬಂದ ಮೇಲೆ ಉತ್ತರ ಕೊಡಬೇಕು, ಇದು ನಮ್ಮ ಊರಿನ ನಡೆ. ಸಿಕ್ಕಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಊರಬಾಗಿಲಿಗೆ ತರಬೇಕು. ನಾನು ಗಟ್ಟಿಯಾಗಿ ಓದಬೇಕು. ಅಂದು ಯಾರಿಗೆ ಬರೆದಿದ್ದರೋ ಅವರ ಜಾಗದಲ್ಲಿ ಇಂದು ಯಾರಿದ್ದಾರೋ ಅವರು ಉತ್ತರಿಸಬೇಕು. ಉತ್ತರ ಸರಿಯಾಗಿ ಮುಟ್ಟಿದರೆ ಬರಹ ತಾನಾಗಿ ಅಳಿಸಿಹೋಗಿ ಬೋಕಿ ಬರೀ ಬೋಕಿಯಾಗುತ್ತದೆ.

ಹೀಗಾಗಿ ನಮ್ಮಲ್ಲಿ ಯಾರೂ ಹುಡುಗಾಟಕ್ಕೆ ನೆಲ ಅಗೆಯುವುದಿಲ್ಲ. ಬಚ್ಚಲಗುಂಡಿ ತೆಗೆಸುವ ದಿನವೂ ಹೆಂಗಸರು "ಕಾಗದ ಬರದಿರಲಪ್ಪ ದೇವರೇ" ಎಂದು ಬೇಡಿಕೊಳ್ಳುತ್ತಾರೆ. ನಮ್ಮ ಪಕ್ಕದ ಮನೆಯ ಶೂಷನ್ನಮ್ಮ ಹಿತ್ತಲಲ್ಲಿ ಕುಂಬಳದ ಬೀಜ ಹಾಕಲು ಹೋಗಿ "ಇದನ್ನು ತಂದವನಿಗೆ ಒಂದು ಕೊಡ ಎಣ್ಣೆ ಕೊಡು" ಅನ್ನುವ ಕಾಗದ ತಂದುಕೊಂಡಳು. ಮೂರು ದಿನ ಆ ಸತ್ತವನ ವಂಶವನ್ನೆಲ್ಲ ಬೈದು, ನಾಲ್ಕನೇ ದಿನ ಎಣ್ಣೆ ತುಂಬಿಸಿ ಊರಬಾಗಿಲಲ್ಲಿ ಇಟ್ಟಳು. ಬೆಳಗಾಗುವಷ್ಟರಲ್ಲಿ ಕೊಡ ಬರಿದು, ಬರಹ ಮಾಯ. ಇನ್ನೊಮ್ಮೆ ಯಾವುದೋ ಕಾವಲುಗುಡ್ಡದ ಸಿಪಾಯಿಯ ಕಾಗದ ಬಂತು. ನಿಮ್ಮ ಕಡೆಯ ಬೆಂಕಿ ಕಾಣುತ್ತಿಲ್ಲ, ಇದ್ದೀರೋ ಇಲ್ಲವೋ, ಎಂದು ಕೇಳಿದ್ದ. ಇಡೀ ಊರು ಸೌದೆ ಹೊತ್ತು ಗುಡ್ಡ ಹತ್ತಿ ಬೆಂಕಿ ಹಾಕಿತು. ಬರಹ ನನ್ನ ಅಂಗೈಯಲ್ಲೇ ಕರಗಿತು. ಅವತ್ತು ಶೂಷನ್ನಮ್ಮ ಕೂಡ ಅತ್ತಳು.

ಉತ್ತರ ಕೊಡದಿದ್ದರೆ ಏನಾಗುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಏನೂ ಆಗುವುದಿಲ್ಲ. ಬರೆದವರು ಕಾಯುತ್ತಿರುತ್ತಾರೆ, ಅಷ್ಟೆ.

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ರಾಜಧಾನಿಯಿಂದ ಡಾಕ್ಟರ್ ಪರಂಜ್ಯೋತಿಯವರು ಬಂದರು. ಮದ್ದು ಕೊಡುವ ಡಾಕ್ಟರಲ್ಲ, ಹಳೆಯದನ್ನು ಅಗೆಯುವ ಡಾಕ್ಟರು. ಪಡುವಣ ದಿಬ್ಬದಲ್ಲಿ ಗುಂಡಿ ತೆಗೆಸಲು ನಮ್ಮ ಊರಿನ ಐವತ್ತು ಜನರನ್ನು ಕೆಲಸಕ್ಕೆ ಹಚ್ಚಿದರು. ಅವರ ಮೇಲೆ ಮೇಸ್ತ್ರಿಯಾಗಿ ಗಿದ್ಯೋನಪ್ಪನನ್ನು ಇಟ್ಟರು. ಒಬ್ಬೊಬ್ಬರು ದಿನಕ್ಕೆ ನಲವತ್ತು ಮಂಕರಿ ಮಣ್ಣು ಹೊತ್ತು ಜರಡಿಗೆ ಸುರಿಯಬೇಕು. ಒಂದು ಮಂಕರಿಗೆ ಒಂದು ಬೆಣಚುಕಲ್ಲು ಎಂದು ಗಿದ್ಯೋನಪ್ಪ ಎಣಿಸುತ್ತ ನಿಲ್ಲುತ್ತಿದ್ದ. ಕಡಿಮೆ ಮಾಡಿದವರ ಟವಲ್ಲೋ ಬುತ್ತಿಯ ಡಬ್ಬಿಯೋ ಏನಾದರೊಂದು ಕಿತ್ತಿಟ್ಟುಕೊಂಡು, ಮಾರನೇ ದಿನ ಕೆಲಸ ತುಂಬಿಸಿದ ಮೇಲೆ ಕೊಡುತ್ತಿದ್ದ. ಡಾಕ್ಟರು ಇದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದರು. ಇನ್ನೊಂದು ಕಟ್ಟಪ್ಪಣೆಯನ್ನೂ ಮಾಡಿದ್ದರು. ಗುಂಡಿಯಿಂದ ಏನು ಸಿಕ್ಕರೂ ಯಾರೂ ಅದನ್ನು ಆಚೆಗೆ ಒಯ್ಯಕೂಡದು. ಆ ಅಪ್ಪಣೆಗೂ ನಮ್ಮ ಊರಿನ ನಡೆಗೂ ಒಂದು ದಿನ ತಾಕಲಾಟ ಆಗಲೇಬೇಕಿತ್ತು.

ಆ ದಿನ ಬಂದದ್ದು ಲೇಯಮ್ಮನ ಪಾಲಿಗೆ. ಲೇಯಮ್ಮ ಬಡಗಣ ಗೋಡೆಗೆ ಆತುಕೊಂಡ ಗುಡಿಸಲಲ್ಲಿ ಒಬ್ಬಳೇ ಇರುವವಳು. ಮಾತು ಕಡಿಮೆ, ಕೆಲಸ ಜಾಸ್ತಿ. ಆ ಕಡೆ ಚಳಿಗಾಳಿ ನೇರವಾಗಿ ಬಂದು ಹೊಡೆಯುತ್ತದೆ. ಅವಳಿಗಿದ್ದದ್ದು ಒಂದು ಕರಿ ಕಂಬಳಿ, ಅವಳ ತಾಯಿ ನೂತು ನೇಯಿಸಿದ್ದು. ಒಂದು ಮೂಲೆ ಹರಿದು ಕೆಂಪು ದಾರದಲ್ಲಿ ಹೊಲಿದಿತ್ತು. ಹಗಲು ಅದನ್ನೇ ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಮಣ್ಣು ಹೊರುವಳು, ಮನೆಗೆ ಬಂದು ಅದನ್ನೇ ಕೊಡವಿ ಹೊದ್ದು ಮಲಗುವಳು.

ಅಂದು ಮೂವತ್ತೊಂಬತ್ತು ಮಂಕರಿ ಸುರಿದಾಗಿತ್ತು. ನಲವತ್ತನೆಯದನ್ನು ತುಂಬಿ ಗುಂಡಿಯ ಅಂಚಿಗೆ ಎತ್ತಿಟ್ಟಾಗ ಮಣ್ಣಿನ ಮೇಲೆ ಒಂದು ಬೋಕಿ ಕಂಡಿತು. ಅಂಗೈಯಷ್ಟು ಅಗಲ, ತುಂಬ ಬರಹ. ಲೇಯಮ್ಮನಿಗೆ ಓದಲು ಬರುವುದಿಲ್ಲ, ಆದರೆ ಕಾಗದ ಯಾವುದೆಂದು ಗೊತ್ತು. ಮಂಕರಿಯನ್ನು ಅಲ್ಲೇ ಬಿಟ್ಟು, ಸೆರಗಿನಲ್ಲಿ ಬೋಕಿ ಸುತ್ತಿಕೊಂಡು ಊರಬಾಗಿಲಿಗೆ ಬಂದಳು. ಬೇರೆ ಊರಿನವಳಾಗಿದ್ದರೆ ಮಂಕರಿ ಸುರಿದು, ಕಲ್ಲು ಎಣಿಸಿಕೊಂಡು, ಆಮೇಲೆ ಬರುತ್ತಿದ್ದಳು. ನಮ್ಮವಳು, ಕಾಗದ ಕಾಯಿಸಬಾರದು ಎಂದು ಹುಟ್ಟಿದಾಗಿನಿಂದ ಕೇಳಿದವಳು, ಹಾಗೆ ಮಾಡಲಿಲ್ಲ.

ನಾನು ಬೋಕಿಯನ್ನು ಎಂಜಲು ಹಚ್ಚಿ ಒರೆಸಿ ಓದಿದೆ. ಹಳೆಯ ಅಕ್ಷರ ನನಗೆ ಕಲಿಸಿದವಳು ನನ್ನ ಸೋದರತ್ತೆ, ತಪ್ಪಿದರೆ ಬೆರಳಿಗೆ ಹೊಡೆಯುತ್ತಿದ್ದಳು. ಅದರಲ್ಲಿ ಬರೆದದ್ದು ಇಷ್ಟು. "ಊರಿನ ಒಡೆಯನಿಗೆ ನಿನ್ನ ಆಳಿನ ಮೊರೆ. ನಾನು ಗೋಡೆಗೆ ಕಲ್ಲು ಹೊರುವವನು. ಹೇಳಿದಷ್ಟೂ ಹೊತ್ತಿದ್ದೇನೆ. ನಿನ್ನ ಮೇಲಾಳು ಬಂದು ಹೊತ್ತಿಲ್ಲ ಎಂದು ನನ್ನ ಕಂಬಳಿ ಕಿತ್ತುಕೊಂಡ. ಜೊತೆಗೆ ಹೊತ್ತವರನ್ನು ಕರೆದು ಕೇಳು, ಅವರು ಹೇಳುತ್ತಾರೆ. ನಾನು ಸುಳ್ಳನಲ್ಲ. ನನಗೆ ಇರುವುದು ಅದೊಂದೇ. ಹೊತ್ತು ಮುಳುಗುತ್ತಿದೆ. ಕೊಡಿಸು, ಸುಮ್ಮನಿರಬೇಡ." ಕೆಳಗೆ ಹೆಸರಿದ್ದ ಕಡೆ ಮಡಕೆ ಒಡೆದುಹೋಗಿತ್ತು.

ಓದಿ ಮುಗಿಸುವಷ್ಟರಲ್ಲಿ ಗಿದ್ಯೋನಪ್ಪ ಉಸಿರು ಬಿಡುತ್ತ ಬಂದ. ಲೇಯಮ್ಮನ ಹೆಗಲ ಮೇಲಿದ್ದ ಕಂಬಳಿಯನ್ನು ಎಳೆದುಕೊಂಡ.

"ಮೂವತ್ತೊಂಬತ್ತಕ್ಕೇ ಕೆಲಸ ಬಿಟ್ಟು ಬಂದೆ. ಮೇಲಾಗಿ ಗುಂಡಿ ಸಾಮಾನು ಕದ್ದುಕೊಂಡು ಬಂದಿದೀಯ. ಡಾಕ್ಟ್ರಿಗೆ ನಾನು ಏನು ಹೇಳ್ಲಿ?"

"ಕದ್ದಿಲ್ಲ ಮೇಸ್ತ್ರಿ. ಕಾಗದ ತಂದೆ. ನಲವತ್ತನೇದು ಅಂಚಲ್ಲೇ ಇದೆ, ತುಂಬಿಟ್ಟಿದೀನಿ, ಹೋಗಿ ನೋಡಿ," ಅಂದಳು ಲೇಯಮ್ಮ.

"ನೋಡಿದೆ. ಅಲ್ಲಿ ಯಾವ ಮಂಕರೀನೂ ಇಲ್ಲ," ಎಂದು ಅವನು ಕಂಬಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದ.

ಈಗಷ್ಟೇ ಏನು ಓದಿದೆ, ಈಗ ಕಣ್ಣ ಮುಂದೆ ಏನಾಯಿತು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಮಂಕುಬುದ್ಧಿಗೆ ಇವತ್ತಿಗೂ ಹಣೆ ಚಚ್ಚಿಕೊಳ್ಳುತ್ತೇನೆ. ನಾನು ಬೋಕಿಯನ್ನೇ ನೋಡುತ್ತ, ಪಾಪ ಯಾರೋ ಅಂದಿನ ಬಡವ ಎಂದು ಮರುಗುತ್ತ ನಿಂತಿದ್ದೆ. ಲೇಯಮ್ಮ ಪಕ್ಕದಲ್ಲೇ ಬರೀ ಸೀರೆಯಲ್ಲಿ ನಡುಗುತ್ತಿದ್ದಳು.

ಅರ್ಧ ಗಂಟೆಯಲ್ಲಿ ಡಾಕ್ಟರು ಓಡಿ ಬಂದರು. ನಾನು ಓದಿ ಹೇಳಿದ ಕೂಡಲೇ ಅಲ್ಲೇ ಕಲ್ಲಿನ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟರು. ಸುಳ್ಳು ಅಳುವಲ್ಲ ಅದು, ದೈವಭಕ್ತಿಯುಳ್ಳ ಮನುಷ್ಯ. "ತಬಿತಮ್ಮನವರೇ, ಇದು ಏನು ಗೊತ್ತಾ? ಬಡವನ ಹೊದಿಕೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸು ಕೊಡಬೇಕು ಅಂತ ಮೋಶೆಯ ಕಟ್ಟಳೆ ಇದೆಯಲ್ಲ. ಆ ಕಟ್ಟಳೆ ನಂಬಿಕೊಂಡು ಒಬ್ಬ ಕೂಲಿಯವನು ಒಡೆಯನ ಬಾಗಿಲು ತಟ್ಟಿದ್ದಾನೆ. ಸತ್ಯವೇದದಲ್ಲಿ ಬರೆದದ್ದು ಜನರ ಬಾಯಲ್ಲಿ ಬದುಕಿತ್ತು ಅನ್ನುವುದಕ್ಕೆ ಸಾಕ್ಷಿ ಇದು. ನನ್ನ ಇಡೀ ಜೀವಮಾನ ಹುಡುಕಿದ್ದು ಇದನ್ನೇ."

"ಸಂತೋಷ ಡಾಕ್ಟ್ರೆ. ಉತ್ತರ ಕೊಡೋಣ," ಅಂದೆ.

ಅವರು ಕಲ್ಲಿನ ಮೇಲಿಂದ ಎದ್ದು ನಿಂತರು. ಬಂದ ಹೊಸದರಲ್ಲಿ ನಮ್ಮ ನಡೆಯನ್ನು ಕೇಳಿ ನಕ್ಕಿದ್ದವರು, ಶೂಷನ್ನಮ್ಮನ ಎಣ್ಣೆಯ ಕಾಗದ ರಾತ್ರಿ ಕಳೆಯುವುದರೊಳಗೆ ಅಳಿಸಿಹೋದದ್ದನ್ನು ಕಂಡು ನಗು ನಿಲ್ಲಿಸಿದ್ದರು. "ಬೇಡ. ಇದಕ್ಕೆ ಮಾತ್ರ ಉತ್ತರ ಕೊಡಕೂಡದು. ಇದು ಉಳಿಯಬೇಕು," ಎಂದು ಬೋಕಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು.

ಹೇಳಿ, ಇದು ಯಾವ ನ್ಯಾಯ? ಒಬ್ಬ ಮನುಷ್ಯ ಚಳಿ ಎಂದು ಬರೆದಿದ್ದಾನೆ. ಇವರಿಗೆ ಅವನ ಚಳಿ ಬೇಡ, ಅವನ ಕೈಬರಹ ಬೇಕು. ಅವನ ಕಷ್ಟ ತೀರಿದರೆ ಸಾಕ್ಷಿ ಹೋಗಿಬಿಡುತ್ತದಂತೆ, ಅದಕ್ಕೇ ತೀರಕೂಡದಂತೆ.

ನಾನು ಯಜಮಾನ ಎಫ್ರಾಯೀಮಪ್ಪನವರ ಮನೆಗೆ ಹೋದೆ. ಕಾಗದ ಊರಿನ ಒಡೆಯನಿಗೆ ಬರೆದದ್ದು, ಆ ಜಾಗದಲ್ಲಿ ಈಗ ಕೂತಿರುವವರು ಅವರು. ಒಳ್ಳೆಯ ಮನುಷ್ಯರೇ, ಆದರೆ ಅವರ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ನೋಡಮ್ಮ ತಬಿತಾ, ನೀನು ಹೇಳೋದೂ ಸರಿ. ಡಾಕ್ಟ್ರು ಹೇಳೋದೂ ಸರಿ. ಊರಿಗೆ ಹೆಸರು ಬರುತ್ತೆ ಅಂತಾರೆ. ದೊಡ್ಡದೊಡ್ಡವರು ನೋಡೋಕೆ ಬರ್ತಾರಂತೆ. ಸ್ವಲ್ಪ ದಿನ ಇರ್ಲಿ ಬಿಡು." ಊರಬಾಗಿಲ ಪಕ್ಕದ ಚಾವಡಿಯಲ್ಲಿ ಗಾಜಿನ ಪೆಟ್ಟಿಗೆ ಬಂತು, ಪೆಟ್ಟಿಗೆಯೊಳಗೆ ಮಕಮಲ್ಲಿನ ಮೇಲೆ ಬೋಕಿ ಮಲಗಿತು. ಪಕ್ಕದಲ್ಲಿ ಮೋಶೆಯ ಕಟ್ಟಳೆಯನ್ನು ಬಂಗಾರದ ಅಕ್ಷರದಲ್ಲಿ ಬರೆಸಿ ತೂಗುಹಾಕಿದರು. ಪಾದ್ರಿಗಳು ನಾಲ್ಕು ಭಾನುವಾರ ಆ ಕಟ್ಟಳೆಯ ಮೇಲೇ ಪ್ರಸಂಗ ಮಾಡಿದರು. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ನಾನು ದಿನವೂ ಹೋಗಿ ಜಗಳ ಕಾದದ್ದರಿಂದ ಯಜಮಾನರು ಒಂದು ದಾರಿ ಹುಡುಕಿದರು. ಸನ್ಮಾನಕ್ಕೆಂದು ಇಟ್ಟುಕೊಂಡಿದ್ದ ಜರಿಯಂಚಿನ ರೇಷ್ಮೆ ಶಾಲೊಂದನ್ನು ಡಾಕ್ಟರಿಗೆ ಹೇಳದೆ ಊರಬಾಗಿಲಲ್ಲಿ ಇಡಿಸಿದರು. ಕಂಬಳಿ ಕೇಳಿದವನಿಗೆ ಶಾಲು, ಇನ್ನೇನು ಬೇಕು? ಬೆಳಗ್ಗೆ ಹೋಗಿ ನೋಡಿದರೆ ಶಾಲು ಮಡಿಸಿದ್ದು ಮಡಿಸಿದ ಹಾಗೇ ಇತ್ತು, ಮೇಲೆ ಇಬ್ಬನಿ ಕೂತಿತ್ತು. ಬೋಕಿಯ ಮೇಲಿನ ಒಂದು ಅಕ್ಷರವೂ ಮಾಸಿರಲಿಲ್ಲ. ವಿಷಯ ತಿಳಿದು ಡಾಕ್ಟರು ಮೊದಲು ಕೂಗಾಡಿದರು, ಆಮೇಲೆ ಸಮಾಧಾನದಿಂದ ನಕ್ಕರು. "ಅವನು ಕೇಳಿದ್ದು ಅವನ ಕಂಬಳಿ. ಅದು ಎಂದೋ ಮಣ್ಣಾಗಿದೆ. ಇದಕ್ಕೆ ಉತ್ತರ ಕೊಡುವುದು ಯಾರ ಕೈಲೂ ಆಗುವುದಿಲ್ಲ, ತಬಿತಮ್ಮನವರೇ."

ನನಗೂ ಅದು ಸರಿ ಅನ್ನಿಸಿಬಿಟ್ಟಿತು. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಮೂರು ತಿಂಗಳು ಸುಮ್ಮನಿದ್ದೆ. ಇಷ್ಟು ಬಾಯಿ ಮಾಡುವ ನಾನು, ಆ ಮೂರು ತಿಂಗಳು.

ಆ ಮೂರು ತಿಂಗಳೂ ಲೇಯಮ್ಮ ದಿನಕ್ಕೆ ನಲವತ್ತು ಮಂಕರಿ ಹೊತ್ತಳು, ಸಂಜೆಗೆ ಮೇಸ್ತ್ರಿಯ ಮುಂದೆ ನಿಂತು ಕಂಬಳಿ ಕೇಳಿದಳು. ನಾಳೆ, ನಾಳೆ ಎಂದು ಅವನು ಮುಖ ತಿರುಗಿಸಿದ. ಚಳಿ ಜೋರಾಯಿತು. ನಾನು ನನ್ನ ಕೌದಿ ಕೊಟ್ಟೆ, ಹೊದ್ದುಕೊಂಡಳು. ಡಾಕ್ಟರು ಅಂಗಡಿಯಿಂದ ಹೊಸ ರಗ್ಗು ತರಿಸಿ ಕಳಿಸಿದರು. ಅದನ್ನು ಮಾತ್ರ ಬಿಚ್ಚಿಯೂ ನೋಡದೆ ವಾಪಸು ಕಳಿಸಿದಳು. ನನಗೆ ರೇಗಿತು. ಕೆಮ್ಮುತ್ತ ಕೂತವಳಿಗೆ ಇಷ್ಟು ಹಟ ಯಾಕೆ ಎಂದು ಬೈದೆ.

"ನೀವು ಕೊಟ್ಟಿದ್ದು ಬೇರೆ ಅಕ್ಕ. ನೀವು ನನ್ನ ಕಳ್ಳಿ ಅಂದಿಲ್ಲ. ಅವರ ರಗ್ಗು ತಗೊಂಡ್ರೆ, ನಾನು ಕದ್ದಿದ್ದು ಹೌದು, ಅದಕ್ಕೆ ಕಂಬಳಿ ಹೋಯ್ತು, ಆದ್ರೂ ದೊಡ್ಡ ಮನಸ್ಸು ಮಾಡಿ ಇನ್ನೊಂದು ಕೊಟ್ರು ಅಂತ ಆಗುತ್ತೆ. ಈಗಾಗ್ಲೇ ಬಾವಿ ಹತ್ರ ನಾನು ಹೋದ್ರೆ ಮಾತು ನಿಲ್ಲಿಸ್ತಾರೆ," ಅಂದಳು.

ಅಂದು ಅವಳು ನನ್ನ ಮನೆಗೆ ಬಂದದ್ದು ಒಂದು ಅರ್ಜಿ ಬರೆಸಲು. ಯಜಮಾನರಿಗೆ ಕೊಡುತ್ತಾಳಂತೆ. ನಾನು ಹಾಳೆ ತಗೊಂಡು ಕೂತೆ, ಅವಳು ಹೇಳುತ್ತ ಹೋದಳು.

"ಯಜಮಾನ್ರಿಗೆ ಲೇಯಮ್ಮ ಮಾಡೋ ಅರಿಕೆ ಅಂತ ಹಾಕಿ. ನಾನು ಮಣ್ಣು ಹೊರೋಳು. ಹೇಳಿದಷ್ಟೂ ಹೊತ್ತಿದೀನಿ. ಮೇಸ್ತ್ರಿ ಹೊತ್ತಿಲ್ಲ ಅಂತ ನನ್ನ ಕಂಬಳಿ ಕಿತ್ತುಕೊಂಡ. ನನ್ನ ಜೊತೆ ಹೊತ್ತವರನ್ನ ಕೇಳಿ, ಅವರು ಹೇಳ್ತಾರೆ. ನಾನು ಸುಳ್ಳುಗಾತಿ ಅಲ್ಲ. ನನಗೆ ಇರೋದು ಅದೊಂದೇ..."

ನನ್ನ ಕೈ ನಿಂತುಹೋಯಿತು. ಅವಳು ಬೋಕಿಯನ್ನು ನೋಡಿಕೊಂಡು ಹೇಳುತ್ತಿರಲಿಲ್ಲ, ಅವಳಿಗೆ ಓದಲೇ ಬಾರದು. ಅಂದು ನಾನು ಓದಿದ್ದು ಅವಳಿಗೆ ನೆನಪಿತ್ತೋ ಎಂದು ಕೇಳಿದೆ. "ಇಲ್ಲಕ್ಕ, ಅವತ್ತು ಮೇಸ್ತ್ರಿ ಬರೋದು ಕಾಣಿಸ್ತಲ್ಲ, ನೀವು ಓದಿದ್ದು ಕಿವಿಗೇ ಬೀಳಲಿಲ್ಲ," ಅಂದಳು. ಇಷ್ಟು ದಿನ ನಾವು ಎಲ್ಲಿ ಹುಡುಕುತ್ತಿದ್ದೆವು? ಕಾಗದ ಎರಡು ಸಾವಿರದ ಆರುನೂರು ವರ್ಷ ಸುಮ್ಮನಿದ್ದು, ಕಂಬಳಿ ಕಳೆದುಕೊಳ್ಳಲಿದ್ದವಳ ಕೈಗೇ ಹೋಗಿ ಸಿಕ್ಕಿತ್ತು. ಕಿತ್ತುಕೊಂಡದ್ದನ್ನು ಕಳೆದುಕೊಂಡವರಿಗೆ ವಾಪಸು ಕೊಡಿ ಎಂದು ಅದು ಕೇಳಿತ್ತು. ನಾವು ರೇಷ್ಮೆ ಶಾಲು ಹುಡುಕಿದೆವು.

ಅರ್ಜಿ ಅಲ್ಲೇ ಬಿಟ್ಟು ಗಿದ್ಯೋನಪ್ಪನ ಮನೆಗೆ ನುಗ್ಗಿದೆ. ಊಟಕ್ಕೆ ಕೂತಿದ್ದ. "ಎಲ್ಲಿ ಆ ಕಂಬಳಿ? ತೆಗಿ ಆಚೆಗೆ," ಅಂದೆ.

ಅವನು ತುತ್ತನ್ನು ತಟ್ಟೆಗೆ ಹಾಕಿದ. "ನನ್ನ ಹತ್ರ ಇಲ್ಲ ತಬಿತಕ್ಕ. ಎಂಟು ದಿನ ಆದ ಮೇಲೆ ನಾನೇ ಕೊಡೋಣ ಅಂತ ತಗೊಂಡು ಹೊರಟಿದ್ದೆ. ಚಾವಡಿ ಮುಂದೆ ಹಾದು ಹೋಗ್ಬೇಕಲ್ಲ. ಡಾಕ್ಟ್ರು ಗಾಜಿನ ಪೆಟ್ಟಿಗೆ ಮುಂದೆ ಕೂತು ಬರ್ಕೊಳ್ತಿದ್ರು. ಇದ್ದಕ್ಕಿದ್ದ ಹಾಗೆ, ಅಕ್ಷರ ಮಾಸ್ತಿದೆ ಅಂತ ಕೂಗಿಕೊಂಡ್ರು. ಆಚೆ ನೋಡಿದ್ರು, ನಾನು, ನನ್ನ ಕೈಲಿ ಕಂಬಳಿ. ಎಲ್ಲಿಗೆ ಒಯ್ತಿದೀಯ ಅಂದ್ರು. ಲೇಯಮ್ಮಂಗೆ ಅಂದೆ. ನಿಂತ್ಕೋ ಅಂತ ಕಸ್ಕೊಂಡ್ರು. ಕಸ್ಕೊಂಡ ಗಳಿಗೇಲೇ ಅಕ್ಷರ ಮತ್ತೆ ಕಪ್ಪಾಯ್ತು. ಆಮೇಲೆ ಉಗ್ರಾಣದಲ್ಲಿ ಇಟ್ಟು ಬೀಗ ಹಾಕಿದ್ರು. ಯಾರಿಗೂ ಹೇಳಬೇಡ ಅಂದ್ರು."

ಹಾಗಾದರೆ ಇದು ಡಾಕ್ಟರ ಕೆಲಸ. ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೂ ಮಾಡಿದ್ದು. ಬಡವನ ಹೊದಿಕೆ ಇಟ್ಟುಕೊಳ್ಳಬೇಡ ಅನ್ನುವ ದೇವರ ಮಾತು ನಿಜ ಎಂದು ಲೋಕಕ್ಕೆ ತೋರಿಸಲು ಒಬ್ಬ ಬಡವಿಯ ಹೊದಿಕೆಯನ್ನು ಇಟ್ಟುಕೊಂಡಿದ್ದರು. ಬಂಗಾರದ ಅಕ್ಷರದಲ್ಲಿ ಗೋಡೆಗೆ ತೂಗುಹಾಕಿ, ಅದರ ಹಿಂದಿನ ಕೋಣೆಯಲ್ಲೇ ಬೀಗ ಹಾಕಿಟ್ಟಿದ್ದರು. ರೇಷ್ಮೆ ಶಾಲಿನ ದಿನ ನನ್ನ ಮುಖ ನೋಡಿ, ಯಾರ ಕೈಲೂ ಆಗುವುದಿಲ್ಲ ಎಂದು ನಕ್ಕಾಗ ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ಕಿತ್ತುಕೊಳ್ಳುವವನು ಸೈನಿಕನೋ ಸಾಹುಕಾರನೋ ಆಗಿದ್ದರೆ ಬೈದು ಸುಮ್ಮನಾಗಬಹುದು. ಅತ್ತು ಪ್ರಾರ್ಥನೆ ಮಾಡುವವನು ಕಿತ್ತುಕೊಂಡರೆ ಏನು ಹೇಳುವುದು?

ಮಾರನೇ ವಾರವೇ ಚಾವಡಿಯಲ್ಲಿ ಸಮಾರಂಭವಿತ್ತು. ರಾಜಧಾನಿಯ ಪಂಡಿತರು, ದೇವಶಾಸ್ತ್ರ ಕಲಿಸುವ ಹಿರಿಯರು, ಪತ್ರಿಕೆಯವರು ಎಲ್ಲರೂ ಬಂದಿದ್ದರು. ಮಧ್ಯಾಹ್ನ ಮೂರಕ್ಕೆ ಶುರುವಾದ ಭಾಷಣ ಹೊತ್ತು ಇಳಿದರೂ ಮುಗಿಯಲಿಲ್ಲ. ಕೂಲಿಯವರೆಲ್ಲ ಹಿಂದುಗಡೆ ನೆಲದ ಮೇಲೆ ಕೂತಿದ್ದರು. ಲೇಯಮ್ಮ ಬಾಗಿಲ ಹತ್ತಿರ, ಕೆಮ್ಮು ಬಂದಾಗ ಎದ್ದುಹೋಗಲು ಸುಲಭ ಎಂದು. ಕೊನೆಗೆ ಡಾಕ್ಟರು ನನ್ನನ್ನು ಕರೆದರು. ಬೋಕಿಯನ್ನು ಗಟ್ಟಿಯಾಗಿ ಓದುವ ಹಕ್ಕು ಓದುಗಿತ್ತಿಯದು, ಅದನ್ನು ತಪ್ಪಿಸುವ ಧೈರ್ಯ ಅವರಿಗೂ ಇರಲಿಲ್ಲ. ನಾನು ಹೋಗಿ ಗಾಜಿನ ಪೆಟ್ಟಿಗೆಯ ಪಕ್ಕ ನಿಂತೆ. ಪಡುವಣ ಕಿಟಕಿಯಿಂದ ಬಿಸಿಲು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು.

ಓದಿದೆ. ಕಲ್ಲು ಹೊರುವವನು ಎಂದು ಇದ್ದ ಕಡೆ ಕಲ್ಲು ಹೊರುವವನು ಎಂದೇ ಓದಿದೆ, ಒಂದಕ್ಷರ ಹೆಚ್ಚು ಕಡಿಮೆ ಮಾಡಲಿಲ್ಲ. "ಜೊತೆಗೆ ಹೊತ್ತವರನ್ನು ಕರೆದು ಕೇಳು" ಅನ್ನುವ ಸಾಲಿಗೆ ಬಂದಾಗ ನಿಲ್ಲಿಸಿ, ತಲೆಯೆತ್ತಿ ಹಿಂದುಗಡೆ ನೋಡಿದೆ. "ಕೇಳ್ತಾ ಇದೀನಿ. ಲೇಯಮ್ಮ ಅವತ್ತು ನಲವತ್ತು ಹೊತ್ತಳೋ ಇಲ್ವೋ? ಜೊತೆಗೆ ಹೊತ್ತವರು ಇಲ್ಲೇ ಇದೀರಿ. ಹೇಳಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಡಾಕ್ಟರು "ಇದೇನಿದು, ಇದೇನಿದು" ಎಂದು ಮುಂದೆ ಬಂದರು. ಆಗ ನಾನು ಕೂಗಿದೆ. ಫೋಟೋ ತೆಗೆದದ್ದು ಆಗಲೇ ಇರಬೇಕು. ಬೀಗದ ಕೈ, ಉಗ್ರಾಣ, ಕಪ್ಪಾದ ಅಕ್ಷರ ಎಲ್ಲವನ್ನೂ ಹೇಳಿದೆ. ಇಷ್ಟು ಓದಿಕೊಂಡವರಿಗೆ ನಾಚಿಕೆ ಇಲ್ಲವೇ ಎಂದು ಕೇಳಿದೆ. ಗೋಡೆಯ ಮೇಲೆ ತೂಗುಹಾಕಿದ್ದನ್ನು ಒಬ್ಬರಾದರೂ ಓದಿದ್ದೀರಾ ಎಂದು ಪಾದ್ರಿಗಳ ಕಡೆಗೂ ಕೈ ತೋರಿಸಿದೆ.

ಹಿಂದಿನಿಂದ ಮೊದಲು ಎದ್ದವನು ಗಿದ್ಯೋನಪ್ಪ. ಅವನು ಏಳುತ್ತಾನೆ ಎಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ. "ನಲವತ್ತೇ," ಅಂದ. "ಅಂಚಲ್ಲಿ ಮಂಕರಿ ಇತ್ತು. ಅವಳು ಹೋದ ಮೇಲೆ ನಾನೇ ಜರಡಿಗೆ ಸುರಿದೆ. ಅವಳು ಬೋಕಿ ಆಚೆಗೆ ಒಯ್ದಿದ್ದು ಡಾಕ್ಟ್ರಿಗೆ ಗೊತ್ತಾದ್ರೆ ನನ್ನ ತಪ್ಪು ಅಂತಾರೆ ಅನ್ನೋ ಭಯಕ್ಕೆ, ತಪ್ಪೆಲ್ಲ ಅವಳ ಮೇಲೇ ಇರ್ಲಿ ಅಂತ ಮಂಕರಿ ಇಲ್ಲ ಅಂದೆ. ಅವಳು ಕಳ್ಳಿ ಅಲ್ಲ." ಅವನ ಹಿಂದೆ ಒಬ್ಬೊಬ್ಬರಾಗಿ ಎದ್ದರು. ನಲವತ್ತು, ನಾನು ನೋಡಿದೆ, ತುಂಬಿಟ್ಟಿದ್ದಳು, ನಾನೇ ಎತ್ತಿಕೊಟ್ಟೆ. ಮೂರು ತಿಂಗಳಿಂದ ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ನಾನು ಯಜಮಾನರ ಕಡೆ ತಿರುಗಿದೆ. "ಕಾಗದ ನನಗೆ ಬರೆದದ್ದಲ್ಲ, ಡಾಕ್ಟ್ರಿಗೂ ಅಲ್ಲ. ನೀವು ಕೂತಿರೋ ಕುರ್ಚಿಗೆ ಬರೆದದ್ದು. ಆ ಕುರ್ಚಿ ಇವತ್ತಿನವರೆಗೂ ಸುಮ್ಮನಿದೆ. ಬಿಸಿಲು ನೋಡಿ, ಕಿಟಕಿ ಅಂಚಿಗೆ ಹೋಗಿದೆ."

ಎಫ್ರಾಯೀಮಪ್ಪನವರು ಬಿಸಿಲು ನೋಡಿದರು. ಅತಿಥಿಗಳನ್ನು ನೋಡಿದರು. ಬಾಗಿಲ ಹತ್ತಿರ ಕೆಮ್ಮು ತಡೆದುಕೊಂಡು ಕೂತಿದ್ದ ಲೇಯಮ್ಮನನ್ನು ನೋಡಿದರು. ಅವರು ಎದ್ದು ನಿಂತಾಗ, ನೀನು ಹೇಳೋದೂ ಸರಿ, ಅವರು ಹೇಳೋದೂ ಸರಿ ಅನ್ನುತ್ತಾರೆ ಎಂದೇ ನಾನು ಅಂದುಕೊಂಡೆ. ಅವರು ಕೈ ಚಾಚಿದರು. "ಬೀಗದ ಕೈ ಕೊಡಿ ಡಾಕ್ಟ್ರೆ."

"ಯಜಮಾನರೇ, ಯೋಚನೆ ಮಾಡಿ. ಇಂಥದ್ದು ಲೋಕದಲ್ಲಿ ಇನ್ನೊಂದಿಲ್ಲ. ಇದು ಹೋದರೆ ಮತ್ತೆ ಸಿಗುವುದಿಲ್ಲ. ಆ ಹೆಂಗಸಿಗೆ ಹತ್ತು ಕಂಬಳಿ ಕೊಡಿಸುತ್ತೇನೆ, ನೂರು ಕೊಡಿಸುತ್ತೇನೆ," ಅಂದರು ಡಾಕ್ಟರು.

"ಅವಳದ್ದು ಒಂದೇ," ಅಂದರು ಯಜಮಾನರು. "ಕೊಡಿ."

ಉಗ್ರಾಣದಿಂದ ಕಂಬಳಿಯನ್ನು ತಂದದ್ದು ಗಿದ್ಯೋನಪ್ಪ. ಗುಂಡಿಯಲ್ಲಿ ಸಿಕ್ಕ ಬೋಕಿ, ದೀಪ, ಬಾಣದ ತುದಿಗಳಿಗೆ ಕಟ್ಟುವ ಹಾಗೆಯೇ ಅದಕ್ಕೂ ಒಂದು ನಂಬರಿನ ಚೀಟಿ ಕಟ್ಟಿದ್ದರು. ಯಜಮಾನರು ಅದನ್ನು ಅವನ ಕೈಯಿಂದ ತೆಗೆದುಕೊಂಡು, ಸಭೆಯ ನಡುವೆ ನಡೆದುಹೋಗಿ, ಎಲ್ಲರಿಗೂ ಕೇಳುವ ಹಾಗೆ "ನೀನು ಕದ್ದಿಲ್ಲಮ್ಮ. ನಮ್ಮದೇ ತಪ್ಪು," ಎಂದು ಲೇಯಮ್ಮನ ಕೈಗೆ ಕೊಟ್ಟರು. ಅವಳು ಮೊದಲು ಮೂಲೆ ಹುಡುಕಿ ಕೆಂಪು ದಾರ ಮುಟ್ಟಿ ನೋಡಿದಳು. ಆಮೇಲೆ ಬಿಚ್ಚಿ ಹೊದ್ದುಕೊಂಡಳು. ಕಿಟಕಿಯ ಅಂಚಿನಲ್ಲಿ ಇನ್ನೂ ನಾಲ್ಕು ಬೆರಳಿನಷ್ಟು ಬಿಸಿಲಿತ್ತು.

ಗಾಜಿನೊಳಗೆ ಅಕ್ಷರಗಳು ಮೇಲಿನ ಸಾಲಿನಿಂದ ಮಾಸತೊಡಗಿದವು. ಒಡೆಯನಿಗೆ ಎಂದು ಇದ್ದದ್ದು ಹೋಯಿತು, ಕಲ್ಲು ಹೋಯಿತು, ಮೇಲಾಳು ಹೋದ. ಸುಳ್ಳನಲ್ಲ ಎಂದು ಇದ್ದದ್ದು ಹೋಯಿತು. ಪಂಡಿತರು ಕುರ್ಚಿ ಬಿಟ್ಟು ಎದ್ದು ಗಾಜಿಗೆ ಮುತ್ತಿಕೊಂಡರು, ಪತ್ರಿಕೆಯವರು ಒಬ್ಬರ ಮೇಲೊಬ್ಬರು ಬಿದ್ದರು. ಕೊನೆಯ ಸಾಲು, ಸುಮ್ಮನಿರಬೇಡ ಅನ್ನುವುದು, ಸ್ವಲ್ಪ ಹೊತ್ತು ನಿಂತಿದ್ದು ಆಮೇಲೆ ಹೋಯಿತು. ಮಕಮಲ್ಲಿನ ಮೇಲೆ ಒಂದು ಬೋಕಿ ಉಳಿಯಿತು, ಮಕ್ಕಳು ಆಟಕ್ಕೆ ಒಯ್ಯುವಂಥದ್ದು.

ಡಾಕ್ಟರು ಗಾಜಿನ ಮೇಲೆ ಎರಡೂ ಕೈಯಿಟ್ಟು ಅಳುತ್ತಿದ್ದರು. "ಎರಡು ಸಾವಿರದ ಆರುನೂರು ವರ್ಷ. ಎರಡು ಸಾವಿರದ ಆರುನೂರು ವರ್ಷ ಉಳಿದಿತ್ತು," ಅನ್ನುತ್ತಿದ್ದರು.

ಲೇಯಮ್ಮ ಅವರ ಹತ್ತಿರ ಹೋದಳು. ದೊಡ್ಡವರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ. "ಅಷ್ಟೂ ವರ್ಷ ಅವನು ಚಳೀಲಿ ಕೂತಿದ್ದ ಸ್ವಾಮಿ," ಅಂದಳು. ಕಂಬಳಿಗೆ ಕಟ್ಟಿದ್ದ ನಂಬರಿನ ಚೀಟಿಯನ್ನು ಬಿಚ್ಚಿ ಅವರ ಕೈಯಲ್ಲಿಟ್ಟು, ಮನೆಗೆ ಹೋದಳು.